ಭೂತ ಬರದ ಸಿನಿಮಾ

ಅಕ್ಕೋರು ಹೇಳುತ್ತಿದ್ದ ಸಿನಿಮಾಗಳಲ್ಲಿ ಯಾರೂ ಸೆರೆ ಕುಡಿಯುತ್ತಿರಲಿಲ್ಲ. ಪರದೆಯ ಮೇಲೆ ನಾಯಕ ಬಾಟಲಿ ಎತ್ತಿ ಗಟಗಟ ಇಳಿಸುತ್ತಿದ್ದರೆ ಅಕ್ಕೋರು ನಮ್ಮ ಕಡೆ ತಿರುಗಿ, 'ನೆಗಡಿ ಆಗ್ಯಾದ, ಕಷಾಯ ಕುಡ್ಯಾಕತ್ತಾನ' ಅನ್ನುತ್ತಿದ್ದರು. ನಾಯಕ ನಾಯಕಿಯ ಮುಖದ ಹತ್ತಿರ ಮುಖ ತಂದರೆ, 'ಪಾಪ, ಅಕಿ ಕಣ್ಣಾಗ ಕಸ ಬಿದ್ದದ, ಊದಾಕತ್ತಾನ.' ಮುದುಕಿಯರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಲುಕುಲು ನಗುತ್ತಿದ್ದರು. ಕಸ ಬಿದ್ದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಒಬ್ಬರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ವಾಡಿಯಲ್ಲಿ ಆಗ ಸಿನಿಮಾ ಅಂದರೆ ರೈಲು ಹಳಿಯ ಆಚೆ ಮಳೆಗಾಲ ಮುಗಿದ ಮೇಲೆ ಬಂದು ಬೀಡುಬಿಡುತ್ತಿದ್ದ ಟೂರಿಂಗ್ ಟಾಕೀಸಿನ ಡೇರೆ. ಬರುತ್ತಿದ್ದವೆಲ್ಲ ಹಿಂದಿ, ಇಲ್ಲವೇ ತೆಲುಗು. ಗಂಡಸರು ಸ್ಟೇಷನ್ನಿನಲ್ಲಿ, ಫರ್ಸಿ ಕಲ್ಲಿನ ಗಣಿಯಲ್ಲಿ, ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿದು ನಾಲ್ಕು ಭಾಷೆ ಕಲಿತವರು. ಸುತ್ತಲಿನ ಹಳ್ಳಿಗಳಿಂದ ಮದುವೆಯಾಗಿ ಬಂದ ನಮ್ಮಂಥವರಿಗೆ ಕನ್ನಡ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಡೇರೆಯ ನಡುವೆ ಗೋಣಿತಟ್ಟಿನ ಪರದೆ ಕಟ್ಟಿ ಹೆಂಗಸರಿಗೆ ಬೇರೆ ಜಾಗ ಮಾಡಿದ್ದರು. ಅಲ್ಲಿ ಮುಂದುಗಡೆ ಮಣೆಯ ಮೇಲೆ ಅಕ್ಕೋರು ನಮಗೆ ಮುಖ ಮಾಡಿ ಕೂರುತ್ತಿದ್ದರು. ಒಂದು ಕಣ್ಣು ಚಿತ್ರದ ಮೇಲೆ, ಒಂದು ಕಣ್ಣು ನಮ್ಮ ಮೇಲೆ. ಎಂಜಿನ್ನು ಸಿಳ್ಳು ಹಾಕಿದರೆ ಕೈ ಎತ್ತಿ ಸುಮ್ಮನಾಗುವರು. ಗಾಡಿ ಹೋದ ಮೇಲೆ, ಅಷ್ಟರಲ್ಲಿ ಪರದೆಯ ಮೇಲೆ ಆಗಿಹೋದದ್ದನ್ನೆಲ್ಲ ಒಂದೇ ಉಸುರಿಗೆ ಒಪ್ಪಿಸುವರು. ಅವರ ಬಾಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು. ಗಂಟಲು ಕಟ್ಟದಿರಲಿ ಅಂತ.

ಅವರು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರಿಗೆಲ್ಲ ಅಕ್ಕೋರು ಅಂತಲೇ ಹೆಸರು. ಹುಟ್ಟುಹೆಸರನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳಲಿಲ್ಲ. ಚಿಂಚೋಳಿ ಕಡೆಯವರು ಎಂದಷ್ಟೇ ಗೊತ್ತಿತ್ತು. ನಲವತ್ತರ ಆಸುಪಾಸು. ಕೊರಳಲ್ಲಿ ತಾಳಿ ಇಲ್ಲ. ಅದಕ್ಕೆ ಕಾರಣವನ್ನು ಅವರು ಹೇಳಲಿಲ್ಲವಾದ್ದರಿಂದ ನಮ್ಮ ಓಣಿಯೇ ಹೇಳಿಕೊಂಡಿತು: ಗಂಡ ಬಿಟ್ಟಾಕಿ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಬೆಳಿಗ್ಗೆ ಮನೆಮನೆಗೆ ಹೋಗಿ ಹುಡುಗಿಯರನ್ನು ಎಬ್ಬಿಸಿಕೊಂಡು ಹೋಗುವುದು ಅವರ ಪದ್ಧತಿ. 'ಕೂಸಿನ ಹಿಡಿಯಾಕ ಯಾರೂ ಇಲ್ರಿ, ಇಕಿನ್ನ ಹೆಂಗ ಕಳಸ್ಲಿ' ಎಂದು ಯಾವಳಾದರೂ ತಾಯಿ ಅಂದರೆ, 'ಕೂಸಿನ್ನೂ ಕಳಸ್ರಿ, ಅದರ ಹೆಸರೂ ಹಚ್ಚತೀನಿ' ಅನ್ನುವರು. ಅವರ ತರಗತಿಯ ಹಿಂದೆ ಗೋಣಿಚೀಲದ ಮೇಲೆ ಯಾವಾಗಲೂ ಒಂದೆರಡು ಕೂಸು ಮಲಗಿರುತ್ತಿದ್ದವು. ಇನ್ನೊಂದು ವಿಚಿತ್ರವಿತ್ತು. ಓಣಿಯ ಕೊನೆಯಲ್ಲಿ ಅವರು ಹಿಡಿದಿದ್ದ ಖೋಲಿಯ ಬಾಗಿಲು ಮುಚ್ಚಿದ್ದನ್ನು ನಾನು ಕಾಣೆ. ಚಳಿಯಿರಲಿ, ದೂಳಿರಲಿ, ಬಾಗಿಲಿಗೆ ಒಂದು ಫರ್ಸಿಯ ತುಂಡು ಆತು ನಿಂತಿರುತ್ತಿತ್ತು. ಕೇಳಿದರೆ, 'ಮುಚ್ಚಿದ್ರ ಉಸುರು ಕಟ್ಟತದವ್ವಾ' ಅನ್ನುವರು. ನಾವು ಅದಕ್ಕೂ ಹಿಂದಿನಿಂದ ನಗುತ್ತಿದ್ದೆವು.

ಇನ್ನು ನನ್ನ ವಿಷಯ. ಇದನ್ನು ಹೇಳದೆ ಅಕ್ಕೋರನ್ನು ಹೇಳುವುದಾಗುವುದಿಲ್ಲ. ಹೇಳಲು ಇಷ್ಟು ವರ್ಷ ಬೇಕಾಯಿತು.

ನಾನು ನಾಲವಾರದವಳು. ಗಂಡ ಗೂಡ್ಸ್ ಗಾಡಿಯ ಗಾರ್ಡು. ಮನೆಯಲ್ಲಿ ಇದ್ದದ್ದಕ್ಕಿಂತ ಗಾಡಿಯ ಕೊನೆಯ ಡಬ್ಬಿಯಲ್ಲಿ ಇದ್ದದ್ದೇ ಹೆಚ್ಚು. ನನಗೆ ತಾಯಿ ಇರಲಿಲ್ಲ. ಹಾಗಾಗಿ ಮೊದಲ ಹೆರಿಗೆ ತವರಿನಲ್ಲಿ ಆಗದೆ ವಾಡಿಯಲ್ಲೇ, ಅತ್ತೆಯ ಕೈಯಲ್ಲಿ ಆಯಿತು. ಅತ್ತೆ ಕೆಟ್ಟವರಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆಯಲ್ಲಿ ಅತ್ತೆ ಬಂದ ಕೂಡಲೇ ಕೇಳುವವರು ತೋಳೇರಿಸುತ್ತಾರೆ. ಬಾಣಂತಿಗೆ ಏನು ಮಾಡಬೇಕೆಂದು ಅವರ ಅತ್ತೆ ಕಲಿಸಿದ್ದರೋ ಅದನ್ನು ಒಂದಿಷ್ಟೂ ಕಡಿಮೆ ಇಲ್ಲದಂತೆ ಮಾಡಿದರು. ಕಿಟಕಿಗೆ ತಟ್ಟು ಹೊಡೆದರು. ಮಂಚದ ಕೆಳಗೆ ಕೆಂಡ ಇಟ್ಟರು. ಕಿವಿಗೆ ಅರಿವೆ ಕಟ್ಟಿದರು. ಗಾಳಿ, ಬೆಳಕು, ಹೊರಗಿನ ಮಂದಿಯ ಮಾತು ಯಾವುದೂ ಒಳಗೆ ಬರುವಂತಿರಲಿಲ್ಲ.

ಆ ಕತ್ತಲಲ್ಲಿ ನನಗೆ ಸನ್ನಿ ಹಿಡಿಯಿತು. ಬಾಣಂತಿ ಸನ್ನಿ ಎಂಬ ಹೆಸರು ಎಲ್ಲರಿಗೂ ಗೊತ್ತು. ಅದು ಬಂದವರು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ, ಯಾವ ಮನೆಯವರೂ ಹೇಳುವುದಿಲ್ಲವಲ್ಲ. ಕೂಸು ಮಗ್ಗುಲಲ್ಲೇ ಮಲಗಿದ್ದರೂ ಅದರ ಅಳು ನನಗೆ ಗೋಡೆಯ ಕಲ್ಲಿನೊಳಗಿಂದ ಕೇಳಿಸುತ್ತಿತ್ತು. ಕಲ್ಲಿನ ಸಂದಿಗಳಿಗೆ ಒದ್ದೆ ಅರಿವೆ ತುರುಕಿದೆ. ಯಾರೋ ಕೂಸನ್ನು ಒಯ್ಯಲು ಬರುತ್ತಿದ್ದಾರೆ ಎಂಬುದು ಖಾತ್ರಿಯಾಯಿತು. ಒಂದು ಮಧ್ಯಾಹ್ನ ಅದನ್ನು ಸೀರೆಯಲ್ಲಿ ಸುತ್ತಿ, ಹಾಸಿಗೆ ಇಡುವ ಕಟ್ಟಿಗೆಯ ಪೆಟ್ಟಿಗೆಯೊಳಗೆ ಮಲಗಿಸಿ, ಮುಚ್ಚಳ ಹಾಕಿ, ಅದರ ಮೇಲೆ ಕೂತೆ. ಅತ್ತೆ ನನ್ನನ್ನು ದೂಡಿ ಮುಚ್ಚಳ ತೆಗೆದಾಗ ಕೂಸು ಬೆವತು ಕೆಂಪಾಗಿತ್ತು. ದೇವರು ದೊಡ್ಡವನು, ಅಷ್ಟರಲ್ಲೇ ಮುಗಿಯಿತು. ಒಲೆಗೆ ಕೆಂಡ ಕೇಳಲು ಬಂದಿದ್ದ ನೆರೆಮನೆಯವಳು ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು.

ಕೆಲವು ತಿಂಗಳಲ್ಲಿ ನನ್ನ ತಲೆ ತಿಳಿಯಾಯಿತು. ಅಳು ಕೂಸಿನ ಬಾಯಿಂದಲೇ ಕೇಳತೊಡಗಿತು. ಆದರೆ ಕೂಸು ನನ್ನ ಕೈಗೆ ಬರಲಿಲ್ಲ. ಹಾಲು ಕುಡಿಸಲು ತಂದು ಕೊಡುವರು, ಕುಡಿಯುವವರೆಗೆ ಅತ್ತೆ ಎದುರಿಗೇ ಕೂತಿರುವರು, ಮುಗಿದ ಕೂಡಲೇ ಎತ್ತಿಕೊಂಡು ಹೋಗುವರು. 'ನಾ ಆರಾಮ ಇದ್ದೀನ್ರಿ ಅತ್ತಿ' ಅಂದರೆ, 'ಹೌದವ್ವಾ' ಅನ್ನುವರು. ಮುಖ ಮಾತ್ರ ನೋಡುತ್ತಿರಲಿಲ್ಲ. ಕೊನೆಗೆ ನನ್ನ ಅಪ್ಪನಿಗೆ ಹೇಳಿ ಕಳಿಸಿದರು: ಯುಗಾದಿಯೊಳಗೆ ಬಂದು ಮಗಳನ್ನು ಕರೆದುಕೊಂಡು ಹೋಗಿ, ಕೂಸು ಇಲ್ಲೇ ಇರಲಿ. ನನ್ನ ಗಂಡ ಗಾಡಿಯಿಂದ ಇಳಿದು ಬಂದು, ಕೇಳಿಸಿಕೊಂಡು, ಉಂಡು, ಮತ್ತೆ ಗಾಡಿ ಹತ್ತಿದರು. ಅಪ್ಪ ಬರುವ ದಿನ ಹತ್ತಿರ ಬಂದಿತ್ತು. ನಾನು ಕೂಸಿನ ಅಂಗಾಲನ್ನು ನೋಡಿ ನೋಡಿ ನೆನಪಿಟ್ಟುಕೊಳ್ಳುತ್ತಿದ್ದೆ.

ಆ ವಾರವೇ ಆ ಸಿನಿಮಾ ಬಂತು. ವಾಡಿ ಜಂಕ್ಷನ್ನಿನಲ್ಲಿ ಪಾರ್ಸಲ್ಲು ಅದಲು ಬದಲಾಗುವುದು ಹೊಸದೇನಲ್ಲ. ಮದರಾಸಿನ ಹಪ್ಪಳ ಮುಂಬಯಿಗೆ, ಮುಂಬಯಿಯ ಛತ್ರಿ ಹೈದರಾಬಾದಿಗೆ. ಡೇರೆಯವನಿಗೆ ಬರಬೇಕಿದ್ದ ತೆಲುಗು ಪೌರಾಣಿಕ ಎಲ್ಲಿಗೆ ಹೋಯಿತೋ, ಅದರ ಬದಲು ಯಾವುದೋ ಪರದೇಶದ ಡಬ್ಬಿಗಳು ಇಳಿದವು. ಅವನು ಮೊದಲ ಡಬ್ಬಿಯನ್ನು ಓಡಿಸಿ ನೋಡಿದ. ಕಪ್ಪು ಬಿಳುಪು, ಹಾಡಿಲ್ಲ, ಮಾತು ಅಲ್ಲೊಂದು ಇಲ್ಲೊಂದು, ಒಬ್ಬಳು ಹೆಂಗಸು ಒಬ್ಬಳೇ ಒಂದು ಮನೆಯಲ್ಲಿ ಬೆದರುತ್ತಿದ್ದಾಳೆ. ಚಕ್ಕಡಿಗೆ ಮೈಕಿನ ಕರ್ಣ ಕಟ್ಟಿ, 'ಭಯಂಕರ ಭೂತದ ಚಿತ್ರ' ಎಂದು ಊರೆಲ್ಲ ಸಾರಿಸಿಬಿಟ್ಟ. ಊರಿಗೆ ಊರೇ ಬಂತು. ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ಪ್ರೀತಿಗಲ್ಲ, ನನ್ನನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವುದು ಅವರಿಗೆ ಭೂತಕ್ಕಿಂತ ಹೆಚ್ಚಿನ ಭಯ. ಕೂಸು ಅವರ ತೊಡೆಯ ಮೇಲಿತ್ತು.

ಚಿತ್ರ ಶುರುವಾಯಿತು. ಎಲ್ಲೆಲ್ಲೂ ಹಿಮ. ನಡುವೆ ಒಂದೇ ಮನೆ. ಗಂಡ ಕುದುರೆ ಹತ್ತಿ ಹೋದ, ಹಿಮ ಅವನ ಹಾದಿಯನ್ನು ಮುಚ್ಚಿತು. ಒಳಗೆ ಹೆಂಡತಿ, ತೊಟ್ಟಿಲಲ್ಲಿ ಕೂಸು. 'ನಮ್ಮ ಹುಡುಗಿ ಒಬ್ಬಾಕೇ ಉಳದಾಳ' ಎಂದು ಅಕ್ಕೋರು ಶುರುಮಾಡಿದರು. ಯಾವ ಸಿನಿಮಾದ ನಾಯಕಿಯೂ ಅವರಿಗೆ ನಮ್ಮ ಹುಡುಗಿಯೇ.

'ಭೂತ ಯಾವಾಗ ಬರ್ತದ್ರಿ ಅಕ್ಕೋರ?' ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

'ತಡಿಯವ್ವಾ, ಬಂದ್ರ ಹೇಳತೀನಿ.'

ಭೂತ ಬರಲಿಲ್ಲ. ಅವಳು ತೊಳೆದ ತಟ್ಟೆಯನ್ನೇ ತೊಳೆದಳು. ಒಂದು ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಳು. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಉದ್ದವಾಗುತ್ತ ಬಂದು ಅವಳ ಪಾದ ಮುಟ್ಟಿತು, ಅವಳು ಪಾದ ಹಿಂದೆಗೆದಳು. ಆಮೇಲೆ ಗೋಡೆಗೆ ಕಿವಿ ಇಟ್ಟಳು. ನಾನು ತಲೆ ತಗ್ಗಿಸಿದೆ. ಅವಳು ಮುಂದೆ ಏನು ಮಾಡುತ್ತಾಳೆಂದು ನನಗೆ ಗೊತ್ತಿತ್ತು. ತಗ್ಗಿಸಿದ ತಲೆಯನ್ನು ಮತ್ತೆ ಎತ್ತಿದಾಗ ಅವಳು ಬಾಗಿಲ ಸಂದಿಗೆ ಅರಿವೆ ತುರುಕುತ್ತಿದ್ದಳು.

ನಾಚಿಕೆ ಅಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ಹುಚ್ಚು ಬಂದಾಗ ನನಗೆ ನಾಚಿಕೆಯಾಗಿರಲಿಲ್ಲ. ವಾಸಿಯಾದ ಮೇಲೆ, ಊರ ಹೆಂಗಸರ ನಡುವೆ, ಪರದೆಯಷ್ಟು ದೊಡ್ಡದಾಗಿ ಅದನ್ನೇ ಯಾರೋ ಮಾಡಿ ತೋರಿಸುತ್ತಿರುವಾಗ ಮೈಯೆಲ್ಲ ಸುಟ್ಟಿತು. ಯಾರೂ ನನ್ನ ಕಡೆ ನೋಡದಿರಲಿ ಎಂದು ಬೇಡಿಕೊಂಡೆ. ಪರದೆಯ ಮೇಲೆ ಅವಳು ತೊಟ್ಟಿಲಿನಿಂದ ಕೂಸನ್ನು ಎತ್ತಿ, ಬಟ್ಟೆಯ ಪೆಟ್ಟಿಗೆ ತೆರೆದು, ಒಳಗಿಟ್ಟು, ಮುಚ್ಚಳ ಹಾಕಿದಳು.

'ಯವ್ವಾ, ರಾಕ್ಷಸಿ' ಅಂದಳು ಒಬ್ಬಳು. ನೆರೆಮನೆಯವಳು ಪಕ್ಕದವಳ ಕಿವಿಗೆ ಬಾಗಿದಳು. ಒಂದು ತಲೆ ನನ್ನ ಕಡೆ ತಿರುಗಿತು, ಮತ್ತೊಂದು ತಿರುಗಿತು. ಅತ್ತೆ ಕೂಸನ್ನು ಇನ್ನಷ್ಟು ಎದೆಗೆ ಒತ್ತಿಕೊಂಡು ನನ್ನಿಂದ ಒಂದು ಗೇಣು ಸರಿದರು. ಆ ಗೇಣು ಜಾಗವನ್ನು ನಾನು ಈಗಲೂ ತೋರಿಸಬಲ್ಲೆ.

ಅಕ್ಕೋರು ಅದನ್ನು ನೋಡಿದರು. ಎಂಜಿನ್ನಿನ ಸಿಳ್ಳಿಲ್ಲದೆಯೇ ಸುಮ್ಮನಾದರು. ಬಾಯಿಂದ ಲವಂಗ ತೆಗೆದು ಮಣ್ಣಿಗೆ ಹಾಕಿ, ಪರದೆಗೆ ಪೂರಾ ಬೆನ್ನು ಮಾಡಿ ಕೂತರು.

'ರಾಕ್ಷಸಿ ಅಲ್ಲವ್ವಾ. ಯಾರೋ ಒಯ್ಯಾಕ ಬರಾಕತ್ತಾರಂತ ಅಕಿಗಿ ಅನಸ್ಯಾದ. ಮುಚ್ಚಿಟ್ಟು ಕಾಯಾಕತ್ತಾಳ. ಕೊಲ್ಲಾಕಲ್ಲ, ಉಳಸಾಕ.'

'ನಿಮಗ ಹೆಂಗ ಗೊತ್ರಿ?' ಎಂದು ನೆರೆಮನೆಯವಳು ಕೇಳಿದಳು.

'ನನಗೂ ಸನ್ನಿ ಆಗಿತ್ತು. ನಾನೂ ಇಟ್ಟಿದ್ದೆ.'

ಡೇರೆಯ ಆಚೆ ಕಡೆ ಗಂಡಸರು ಬೇಸರಕ್ಕೆ ಸಿಳ್ಳು ಹೊಡೆಯುತ್ತಿದ್ದರು. ಅಕ್ಕೋರು ಸಿನಿಮಾ ಹೇಳುವ ದನಿಯಲ್ಲೇ, ಏರಿಳಿತವಿಲ್ಲದೆ ಹೇಳಿದರು: 'ಬ್ಯಾನಿ ಅದು. ಜ್ವರ ಬಂದಂಗ ಬರ್ತದ, ಜ್ವರ ಬಿಟ್ಟಂಗ ಬಿಡ್ತದ. ನನಗ ಆರಾಮಾತು. ಆದ್ರ ಯಾರೂ ನಂಬಲಿಲ್ಲ. ನನ್ನ ಕೂಸು ನನಗ ಕೊಡಲಿಲ್ಲ, ದೂರ ಒಯ್ದ್ರು. ಇವತ್ತಿಗೂ ಅದಕ್ಕ ನಾ ಯಾರಂತ ಗೊತ್ತಿಲ್ಲ.' ಆಮೇಲೆ ನನ್ನ ಅತ್ತೆಯ ಮುಖವನ್ನೇ ನೋಡುತ್ತ, 'ಆವಾಗ ಯಾರರೆ ಒಬ್ಬರು ಬಾಗಲಾ ತೆರದು, ಕೂಸಿನ ತೊಡಿ ಮ್ಯಾಲ ಇಟ್ಟು, ಬಾಜೂಕ ಕುಂತಿದ್ರ ಸಾಕಿತ್ರಿ ಅವ್ವಾರ. ಅಷ್ಟ ಬೇಕಾಗಿತ್ತು' ಅಂದರು.

ಚಿತ್ರ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಮುಚ್ಚಿದ ಬಾಗಿಲು, ಅದರ ಮೇಲೆ ಹಿಮ, ಹಿಮ, ಹಿಮ. ಅಕ್ಕೋರು ಹಿಂದಿರುಗಿ ಅದನ್ನು ನೋಡಿದರು. 'ಗಂಡ ಬಂದ. ಬಾಗಲಾ ತೆರೀತು. ಕೂಸಿನ ಅಕಿ ಕೈಯಾಗ ಕೊಟ್ಟ' ಅಂದರು. ಬಾಗಿಲು ತೆರೆಯಲಿಲ್ಲ, ನಾವೆಲ್ಲ ನೋಡುತ್ತಿದ್ದೆವು. ಕಷಾಯಕ್ಕೆ ನಕ್ಕವರು ಇದಕ್ಕೆ ನಗಲಿಲ್ಲ.

ಮನೆಗೆ ಬರುವಾಗ ಹಳಿಯ ಮೇಲೆ ಗೂಡ್ಸ್ ಗಾಡಿ ಅಡ್ಡ ನಿಂತಿತ್ತು. ಕಾಯುತ್ತ ನಿಂತೆವು. ಅತ್ತೆ ಒಂದು ಕೈಯಿಂದ ಇನ್ನೊಂದು ಕೈಗೆ ಕೂಸನ್ನು ಬದಲಿಸಿದರು, ಮತ್ತೆ ಬದಲಿಸಿದರು. ಕೊನೆಗೆ, 'ಕೈ ಜೋಮು ಹಿಡದದ. ತಗೋ, ಹಿಡಿ' ಎಂದು ನನ್ನ ಕೈಗೆ ಕೊಟ್ಟರು. ಗಾಡಿ ಹೊರಟ ಮೇಲೂ ತಿರುಗಿ ಕೇಳಲಿಲ್ಲ. ನಾಲವಾರದ ಅಪ್ಪ ಬಂದರು, ಹೋಳಿಗೆ ಉಂಡರು, ಒಬ್ಬರೇ ಹೋದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಊರಿಗೆ ಆಡಿಕೊಳ್ಳಲು ಒಬ್ಬಳು ಬೇಕಿತ್ತು. ನನ್ನ ಬದಲು ಅಕ್ಕೋರು ಸಿಕ್ಕರು. ಗಂಡ ಯಾಕೆ ಬಿಟ್ಟನೆಂದು ಈಗ ತಿಳಿಯಿತಲ್ಲ ಎಂದು ಓಣಿಯೆಲ್ಲ ಸಮಾಧಾನಪಟ್ಟಿತು. ಬಾಗಿಲು ಮುಚ್ಚದಿರುವುದಕ್ಕೂ ಕಾರಣ ಸಿಕ್ಕಿತು. ಮೊದಲು ಗೋಣಿಚೀಲದ ಮೇಲಿನ ಕೂಸುಗಳು ಬರುವುದು ನಿಂತಿತು, ಆಮೇಲೆ ಒಬ್ಬೊಬ್ಬರೇ ಹುಡುಗಿಯರು. ಹೊಸ ಸಿನಿಮಾ ಬಂದಾಗ ಅಕ್ಕೋರ ಮುಂದಿನ ಸಾಲು ಖಾಲಿ ಉಳಿಯಿತು. ಅವರು ಖಾಲಿ ಸಾಲಿಗೇ ಸ್ವಲ್ಪ ಹೊತ್ತು ಹೇಳಿ, ಸುಮ್ಮನಾದರು.

ನಾನು ಏನು ಮಾಡಿದೆ? ನಲ್ಲಿಯ ಹತ್ತಿರ ನೆರೆಮನೆಯವಳೇ, 'ಹುಚ್ಚಿ ಕೈಯಾಗ ಹುಡುಗ್ಯಾರ್ನ ಹೆಂಗ ಬಿಡೂದವಾ, ನೀ ಏನಂತಿ' ಎಂದು ನನ್ನನ್ನು ಕೇಳಿದಳು. ನನ್ನನ್ನು. ನಾನು ಸೆರಗು ಎಳೆದುಕೊಂಡು, ಕೊಡ ಎತ್ತಿ ಸೊಂಟಕ್ಕಿಟ್ಟು, 'ಹೌದವಾ, ಖರೇ' ಅಂದೆ. ಅನ್ನುವಾಗ ಮನಸ್ಸಿಗೆ ಹಾಯೆನಿಸಿತು, ಅದನ್ನೂ ಮುಚ್ಚಿಡುವುದಿಲ್ಲ. ಮಾತು ನನ್ನ ಮೇಲೆ ಇಲ್ಲವಲ್ಲ ಎಂಬ ನಿರಾಳ.

ಬೇಸಿಗೆ ರಜೆಗೆ ಮೊದಲು ಅಕ್ಕೋರು ಚಿಂಚೋಳಿ ಕಡೆಗೆ ವರ್ಗ ಕೇಳಿ ಪಡೆದರು. ಹೋಗುವ ದಿನ ನಮ್ಮ ಮನೆಯ ಮುಂದೆ ನಿಂತರು, ಒಳಗೆ ಬರಲಿಲ್ಲ. ಕೂಸು ನನ್ನ ಸೊಂಟದ ಮೇಲಿತ್ತು. ಅದರ ಅಂಗಾಲನ್ನು ಒಮ್ಮೆ ಹಿಡಿದು, 'ಬಿಸಲಾಗ ಆಡಸು ತಂಗೀ, ಕತ್ತಲಾಗ ಇಡಬ್ಯಾಡ' ಅಂದರು. ನಾನು ತಲೆಯಾಡಿಸಿದೆ. ಓಣಿಯಲ್ಲಿ ಯಾರಾದರೂ ನೋಡುತ್ತಿದ್ದಾರೇನೋ ಎಂದು ಎಡಕ್ಕೂ ಬಲಕ್ಕೂ ನೋಡಿದ್ದು ನೆನಪಿದೆ. ಅವರಿಗೂ ಅದು ಕಂಡಿರಬೇಕು. ಛತ್ರಿ ಬಿಚ್ಚಿಕೊಂಡು ಸ್ಟೇಷನ್ನಿನ ಕಡೆ ಹೊರಟುಹೋದರು.

ಅದಾದ ಮೇಲೆ ನಾನು ಅವರನ್ನು ನೋಡಲಿಲ್ಲ. ಚಿಂಚೋಳಿ ಕಡೆಯ ತಮ್ಮೂರು ಕೊಡ್ಲಿಯಲ್ಲಿ ತೀರಿಕೊಂಡರೆಂಬ ಸುದ್ದಿಯನ್ನು ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ತಾನೂ ಅಕ್ಕೋರಾಗಿರುವವಳು, ಸೇಡಂ ಬಸ್ ನಿಲ್ದಾಣದಲ್ಲಿ ಹೇಳಿದಳು. ಅಷ್ಟರಲ್ಲಿ ನನ್ನ ಮಗನಿಗೆ ಮೀಸೆ ಬಂದು, ಅಪ್ಪನ ಹಾಗೆಯೇ ರೈಲ್ವೆಗೆ ಅರ್ಜಿ ಹಾಕಿದ್ದ. ಅವನನ್ನೇ ಜೊತೆಗೆ ಕರೆದುಕೊಂಡು ಕೊಡ್ಲಿಗೆ ಹೋದೆ. ಅತ್ತೆ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ಪೆಟ್ಟಿಗೆಯ ಮಾತು ಮಗನಿಗೆ ಯಾರೂ ಹೇಳಿರಲಿಲ್ಲ.

ಅಕ್ಕೋರ ಮನೆಯಲ್ಲಿ ನಲವತ್ತು ದಾಟಿದ ಗಂಡಸೊಬ್ಬರು ಇದ್ದರು. ಚಾಪೆ ಹಾಸಿ, 'ಕುಂದ್ರಿ ಅಕ್ಕಾರ' ಅಂದರು. ನೀರು ಕೊಟ್ಟು, ಯಾರು, ಎಲ್ಲಿಯವರು ಎಂದು ಕೇಳಿದರು. 'ವಾಡಿಯವರು. ಅಕ್ಕೋರು ನಮ್ಮ ಓಣ್ಯಾಗ ಇದ್ರು' ಅಂದೆ. ಇಷ್ಟು ವರ್ಷದ ಮೇಲೂ ನನ್ನ ಬಾಯಿಗೆ ಬಂದದ್ದು ಅಷ್ಟೇ.

'ವಾಡ್ಯಾಗ ಚಿಗವ್ವಗ ಹುಚ್ಚಿ ಅಂತಿದ್ರಂತ, ಖರೇ ಏನ್ರಿ?' ಎಂದು ಅವರು ಕೇಳಿದರು. ಅಕ್ಕೋರು ಅವರಿಗೆ ಚಿಕ್ಕಮ್ಮ. ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ. 'ಯಾಕ ಅಂದ್ರು ಅಂತ ಕೇಳಿದ್ರ ಬರೇ ನಗತಿದ್ಳು.'

'ಅವರಿಗೆ ಸನ್ನಿ ಆಗಿತ್ತಂತ... ಕೂಸು ಹುಟ್ಟಿದಾಗ' ಎಂದು ತಡವರಿಸಿದೆ.

ಅವರು ಇಲ್ಲವೆಂದು ತಲೆಯಾಡಿಸಿದರು. 'ಚಿಗವ್ವಗ ಲಗ್ನಾನೇ ಆಗಿದ್ದಿಲ್ರಿ. ಕೂಸೆಲ್ಲಿಂದ ಬರಬೇಕು? ಸನ್ನಿ ಆಗಿದ್ದು ನಮ್ಮವ್ವಗ, ಅಕಿ ಅಕ್ಕಗ. ಇದೇ ಮನ್ಯಾಗ ಬಾಣಂತನ. ಆ ಖೋಲ್ಯಾಗ ಹಾಕಿ ಕೀಲಿ ಹಾಕಿದ್ರಂತ. ಆಮ್ಯಾಲ ಆರಾಮಾದ್ಳಂತ, ಚಿಗವ್ವ ಬಾಗಲಾ ಸಂದ್ಯಾಗಿಂದ ಊಟಾ ಕೊಡಾಕ ಹೋದ್ರ ನೆಟ್ಟಗ ಮಾತಾಡತಿದ್ಳಂತ. ನಮ್ಮ ಹುಡುಗಿ ಆರಾಮದಾಳ, ತೆಗೀರಿ ಅಂತ ಚಿಗವ್ವ ಹೇಳಿದ್ರ, ಸಣ್ಣ ಹುಡುಗಿ ಮಾತು ಯಾರು ಕೇಳ್ತಾರ? ನನ್ನ ನಮ್ಮಪ್ಪನ ಕಡ್ಯಾವರು ಕುರಕುಂಟಾಕ ಒಯ್ದ್ರು. ಅವ್ವ ಒಳಗೇ ತೀರಿಹೋದ್ಳು.' ಅವರು ಎಡಗಡೆಯ ಖೋಲಿಯನ್ನು ತೋರಿಸಿದರು. ಅದಕ್ಕೆ ಬಾಗಿಲೇ ಇರಲಿಲ್ಲ. ಚೌಕಟ್ಟು ಮಾತ್ರ ಇತ್ತು. 'ಚಿಗವ್ವ ವರ್ಗಾಗಿ ಬಂದ ವರ್ಷಾನೇ ಆ ಬಾಗಲಾ ಕೀಳಿಸಿದ್ಳು. ಕುರಕುಂಟಾಕ ಬಂದು, ನಿಮ್ಮವ್ವ ಹಿಂಗಿದ್ಳಪಾ ಅಂತ ನನಗೂ ಆವಾಗ ಹೇಳಿದ್ಳು. ಅಲ್ಲೀತನಕ ನನ್ನ ಮುಂದ ಅವ್ವನ ಹೆಸರು ಯಾರೂ ಎತ್ತತಿದ್ದಿಲ್ಲ. ತಿಳದಮ್ಯಾಲ ಭಾಳ ಹಗುರಾತು ನೋಡ್ರಿ.'

ಅವರು ಇದನ್ನೆಲ್ಲ ಹೊಲದ ಸುದ್ದಿ ಹೇಳುವಂತೆ, ಯಾವ ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಚಾಪೆಯ ಅಂಚನ್ನು ಹಿಡಿದು ಕೂತಿದ್ದೆ. ಆಗದ ಸನ್ನಿಯನ್ನು ಅಕ್ಕೋರು ಊರ ಮುಂದೆ ಹೊತ್ತುಕೊಂಡರು. ಆದ ಸನ್ನಿಯನ್ನು ನಾನು ಗಂಡನ ಮುಂದೆಯೂ ಒಮ್ಮೆ ಹೇಳಲಿಲ್ಲ. ನಲ್ಲಿಯ ಹತ್ತಿರ ನಾನು ಅಂದ 'ಹೌದವಾ, ಖರೇ' ಕಿವಿಯಲ್ಲಿ ಕೇಳುತ್ತಿತ್ತು. ಈ ಸಲ ಅದು ಗೋಡೆಯಿಂದ ಬರುತ್ತಿರಲಿಲ್ಲ.

ಮಗ ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದ. 'ನಡೀ ಅವ್ವಾ, ಬಸ್ಸು ಬಂದೇಬಿಡ್ತದ' ಅಂದ.

'ಚಪ್ಪಲಿ ತೆಗದು ಒಳಗ ಬಾ. ಕುಂದ್ರು' ಅಂದೆ.

ಅವನು ಬಂದು ಕೂತ. ಅಕ್ಕೋರ ಮಗನಲ್ಲದ ಮಗ ಎದುರಿಗಿದ್ದರು, ನನ್ನ ಮಗ ಪಕ್ಕದಲ್ಲಿದ್ದ. ಮುಖ ತಗ್ಗಿಸಬೇಕೆನಿಸಿತು, ತಗ್ಗಿಸಲಿಲ್ಲ.

'ವಾಡ್ಯಾಗ ಸನ್ನಿ ಆಗಿದ್ದು ಅಕ್ಕೋರಿಗಲ್ಲ, ನನಗ. ಕೂಸಿನ ಪೆಟಿಗ್ಯಾಗ ಇಟ್ಟು ಮುಚ್ಚಿದಾಕಿ ನಾನ. ಆ ಕೂಸು ನೀನ.'

ಬಸ್ಸು ಬಂದು ನಿಂತು ಹೋದ ಸದ್ದು ಕೇಳಿಸಿತು. ನನ್ನ ಮಗ ಏಳಲಿಲ್ಲ.